ಪೇಟೆಯಲ್ಲಿ ದೊಡ್ಡಮ್ಮ ಇದ್ದವರು

ನಮ್ಮ ಕಾಲದಲ್ಲಿ ಕಳಸದ ಸುತ್ತಿನ ಹುಡುಗಿಯರು ಹೈಸ್ಕೂಲು ದಾಟಬೇಕಾದರೆ ಜಾಣತನಕ್ಕಿಂತ ಮೊದಲು ಪೇಟೆಯಲ್ಲೊಬ್ಬರು ನೆಂಟರು ಬೇಕಿತ್ತು. ನನಗೆ ಚಿಕ್ಕಮಗಳೂರಿನಲ್ಲಿ ದೊಡ್ಡಮ್ಮ ಇದ್ದರು. 1973ರಲ್ಲಿ ಎಸ್ಸೆಸ್ಸೆಲ್ಸಿ ಮುಗಿದಾಗ ಅಪ್ಪಯ್ಯ ಒಂದು ಮೂಟೆ ಅಕ್ಕಿ, ಜೋನಿಬೆಲ್ಲದ ಡಬ್ಬ, ಅಪ್ಪೆಮಿಡಿಯ ಭರಣಿ ಇಷ್ಟನ್ನೂ ಬಸ್ಸಿನ ಟಾಪಿಗೆ ಹಾಕಿಸಿ ನನ್ನನ್ನು ಅವರ ಮನೆಗೆ ಬಿಟ್ಟು ಬಂದರು. ಟಿಕೆಟ್ಟು ಮೂರೂವರೆ ರೂಪಾಯಿ. ಕೊಟ್ಟಿಗೆಹಾರದ ಮಂಜಿನಲ್ಲಿ ಬಸ್ಸು ನಿಂತಾಗ, ನಾನಿನ್ನು ಪೇಟೆಯವಳೇ ಎಂದು ಜಡೆ ಮುಂದಕ್ಕೆ ಹಾಕಿಕೊಂಡು ಬೀಗಿದ್ದು ನೆನಪಿದೆ.

ಅದಕ್ಕೂ ಮೊದಲು ಪ್ರೈಮರಿ ಶಾಲೆ ಹಳ್ಳದ ಆಚೆಗಿತ್ತು. ದಾಟಲು ಅಡಿಕೆಮರದ ಸಂಕ. ಆಷಾಢದಲ್ಲಿ ಹಳ್ಳ ಉಕ್ಕಿದರೆ ಆಚೆಯವರಿಗೆ ಪಾಠ, ನಮಗೆ ರಜೆ. ಕಂಬಳಿಕೊಪ್ಪೆ ಹೊದ್ದು, ಇಂಬಳಕ್ಕೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು ಸಂಕದವರೆಗೆ ಹೋಗಿ, ಕೆಂಪು ನೀರು ನೋಡಿ ಕುಣಿಯುತ್ತ ವಾಪಸು ಬರುತ್ತಿದ್ದೆವು. ಬಚ್ಚಲೊಲೆಯ ಮೇಲಿನ ತಟ್ಟಿಯಲ್ಲಿ ಒಣಗಿದ ಲಂಗ ಮಳೆಗಾಲ ಪೂರ್ತಿ ಹೊಗೆ ನಾರುತ್ತಿತ್ತು. ಭಾಗಾಕಾರದ ಪಾಠ ಅಂಥದೊಂದು ಮಳೆಯಲ್ಲೇ ಮುಗಿದುಹೋಯಿತು. ಅಪ್ಪಯ್ಯ ರಾತ್ರಿ ಬುಡ್ಡಿದೀಪದ ಮುಂದೆ ಕೂರಿಸಿಕೊಂಡು ಹೇಳಿಕೊಟ್ಟರು. ಓದು ಬಲ್ಲವರಿಲ್ಲದ ಮನೆಗಳಲ್ಲಿ ಆ ಪಾಠ ತಪ್ಪಿದ್ದು ತಪ್ಪಿಯೇ ಹೋಯಿತು. ಮುಂದೆ ಶಾಲಾ ಸಂಪರ್ಕ ಸೇತು ಎಂಬ ಯೋಜನೆಯಲ್ಲಿ ಮಲೆನಾಡಿನ ಎಷ್ಟೋ ಹಳ್ಳಗಳಿಗೆ ಕಿರುಸೇತುವೆ ಬಂದವು. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮಾತ್ರ ಭದ್ರೆ ಏರಿದಾಗ ಮುಳುಗುತ್ತಲೇ ಬಂತು.

ಕ್ಲಾಸಿನಲ್ಲಿ ನನ್ನ ಪಕ್ಕ ಕಾಫಿತೋಟದ ಕೂಲಿಯವರ ಲೈನ್ ಮನೆಯ ಹುಡುಗಿಯೊಬ್ಬಳು ಕೂರುತ್ತಿದ್ದಳು. ಲೆಕ್ಕದಲ್ಲಿ ನನಗಿಂತ ಎಷ್ಟೋ ಚುರುಕು. ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳುತ್ತಿದ್ದಳು. ಹಣ್ಣುಕೊಯ್ಲು ಶುರುವಾದರೆ ಅವ್ವ, ಅಪ್ಪ ಇಬ್ಬರೂ ತೋಟಕ್ಕೆ ಹೋಗುತ್ತಿದ್ದರು, ಇವಳು ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಕಣದ ಬದಿಯಲ್ಲಿ ಕೂರುತ್ತಿದ್ದಳು. ಏಳನೇ ಕ್ಲಾಸಿನಲ್ಲಿದ್ದಾಗ ಅವರ ಮನೆಯವರು ಘಟ್ಟದ ಕೆಳಗಿನ ತಮ್ಮೂರಿಗೆ ಹೋದರು. ಟಿಸಿ ಇಲ್ಲವೆಂದು ಅಲ್ಲಿನ ಶಾಲೆಯಲ್ಲಿ ಸೇರಿಸಿಕೊಳ್ಳಲಿಲ್ಲವಂತೆ. ಅಲ್ಲಿಗೆ ಅವಳ ಓದು ನಿಂತಿತು. ನನಗೆ ಸಿಕ್ಕಿದ್ದು ಅವಳಿಗೂ ಸಿಗಬೇಕಿತ್ತು ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಮುಂದಿನವರ ಓದನ್ನು ಹೊತ್ತದ್ದು ಬಸ್ಸು. ಬಸ್ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಅದರಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಸಿಗುತ್ತಿತ್ತು. ಮನೆಯಲ್ಲೇ ಉಂಡು ಕಾಲೇಜಿಗೆ ಹೋಗಿಬರುವ ಹುಡುಗಿಯರನ್ನು ನಾನು ಮೊದಲು ಕಂಡದ್ದು ಆಗ. ಅವರಿಗೆ ದೊಡ್ಡಮ್ಮನ ಮನೆ ಬೇಕಾಗಲಿಲ್ಲ. 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. 2023ರಲ್ಲಿ ಶಕ್ತಿ ಯೋಜನೆ ಬಂತು, ಆದರೆ ಸರ್ಕಾರಿ ಬಸ್ಸೇ ಓಡಾಡದ ದಾರಿಯ ಹುಡುಗಿಗೆ ಉಚಿತ ಟಿಕೆಟ್ಟು ಎಲ್ಲಿ ಸಿಗಬೇಕು?

ಬಸ್ಸು ನಿಂತ ತಿಂಗಳೊಪ್ಪತ್ತಿನಲ್ಲೇ ಕೊರೊನಾ ಬಂದು ಪಾಠವೆಲ್ಲ ಮೊಬೈಲಿಗೆ ಹೋಯಿತು. ನನ್ನ ತಮ್ಮನ ಮೊಮ್ಮಗಳು ಗುಡ್ಡದ ನೆತ್ತಿಯಲ್ಲಿ ಟಾರ್ಪಾಲು ಕಟ್ಟಿಸಿಕೊಂಡು, ನೆಟ್‌ವರ್ಕ್ ಬಂದಷ್ಟು ಹೊತ್ತು ಓದಿದಳು. ನಾವು ಹಳ್ಳದ ನೀರು ನೋಡಿದ ಹಾಗೆ ಅವಳು ಮೊಬೈಲಿನ ಕಡ್ಡಿ ನೋಡುತ್ತಿದ್ದಳು. ಈಗ ಪಿಯುಸಿಗೆ ಮೂಡುಬಿದಿರೆಯ ಹಾಸ್ಟೆಲ್ ಸೇರಿದ್ದಾಳೆ. ಅದಕ್ಕೆ ಕಟ್ಟಿದ ದುಡ್ಡಿಗೆ ಮೆಣಸಿನ ಫಸಲು ಹೋಯಿತೆಂದು ತಮ್ಮ ಹೇಳಿದ. ಹೋಗಲಿ, ಅದಕ್ಕೇ ಅಲ್ಲವೇ ಬೆಳೆದದ್ದು.

ಕಳೆದ ಕೊಯ್ಲಿಗೆ ಊರಿಗೆ ಹೋಗಿದ್ದೆ. ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರಿದ್ದರು. ನಾನು ಕಲಿತ ಶಾಲೆ ಅವರ ಮಕ್ಕಳಿಂದಲೇ ಉಳಿದಿತ್ತು; ಟೀಚರಮ್ಮ ಅವರಿಗೆ ಅ ಆ ತಿದ್ದಿಸುತ್ತಿದ್ದರು. ಕೊಯ್ಲು ಮುಗಿದರೆ ಬೇರೆ ತೋಟಕ್ಕೆ ಹೋಗುತ್ತೇವೆಂದು ಒಬ್ಬ ತಾಯಿ ಹರುಕು ಕನ್ನಡದಲ್ಲಿ ಹೇಳಿದಳು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ಮಗುವನ್ನು ಹಿಂದೆ ಕಳಿಸುವಂತಿಲ್ಲ. ಅದನ್ನು ಅವಳಿಗೆ ಅರ್ಥವಾಗುವವರೆಗೆ ಹೇಳಿದೆ, ಟೀಚರಮ್ಮನಿಂದ ಒಂದು ಚೀಟಿಯಲ್ಲಿ ಬರೆಸಿಯೂ ಕೊಟ್ಟೆ.