ಕಾರು ಎತ್ತುವ ಹೀರೋಗಳೇ, ಮೊದಲು ಬಗ್ಗಿ ನೋಡಿ!

ನಮ್ಮ ಸಿನಿಮಾ ನಾಯಕರಿಗೆ ಕಾರು ಎತ್ತುವುದೆಂದರೆ ನೀರು ಕುಡಿದಷ್ಟು ಸಲೀಸು. ಬಂಪರಿನ ಕೆಳಗೆ ಒಂದು ಕೈ ಹಾಕಿದರೆ ಮುಗೀತು, ಜೀಪು ಅಂಗಾತ! ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ. ನಾನೂ ಹೊಡೆದಿದ್ದೇನೆ, ಸುಳ್ಯಾಕೆ? ಎತ್ತೋದು ಕ್ರೇನು ಮತ್ತು ತಂತಿ, ಆ ತಂತಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸ್ತಾರೆ ಅಂತ ಗೊತ್ತಿದ್ದೂ ಹೊಡೆಯುತ್ತೇವೆ. ಆ ಗಾಡಿಯ ತಳ ಏನಾಯ್ತು ಅಂತ ಮಾತ್ರ ಯಾವ ಅಭಿಮಾನಿಯೂ ಕೇಳುವುದಿಲ್ಲ.

ನಿಜವಾದ ರಸ್ತೆಯಲ್ಲಿ ಕಾರು ಎತ್ತುವ ಹೀರೋನ ಹೆಸರು ಜಾಕಿ. 2010ರಲ್ಲಿ ಸೂರಿಯವರು ಪುನೀತ್ ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ತೆಗೆದ ‘ಜಾಕಿ’ ಅಲ್ಲ ಮಾರಾಯರೇ! ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ತುಕ್ಕು ಹಿಡಿದು ಮಲಗಿರುತ್ತದಲ್ಲ, ಆ ಜಾಕಿ. ಅದನ್ನು ತಿರುಗಿಸೋದು ಎಲ್ಲರಿಗೂ ಬರುತ್ತದೆ. ಎಲ್ಲಿ ಇಡಬೇಕು ಅನ್ನೋದು ಹತ್ತರಲ್ಲಿ ಇಬ್ಬರಿಗೆ ಗೊತ್ತಿದ್ದರೆ ಹೆಚ್ಚು. ಈ ಪಾಠ ನನ್ನ ಕಣ್ಣೆದುರಿಗೆ ನಡೆದದ್ದು ಬಾಳೂರಿನಲ್ಲಿ.

ಹೋದ ಮಳೆಗಾಲದಲ್ಲಿ ಒಂದು ಚಿತ್ರತಂಡ ಲೊಕೇಶನ್ ಹುಡುಕಲು ಮೂಡಿಗೆರೆ ಕಡೆ ಹೊರಟಿತ್ತು. ಸುದ್ದಿ ಬರೆಯಲಿ ಅಂತ ನನ್ನನ್ನೂ ಹತ್ತಿಸಿಕೊಂಡರು. ಬಾಡಿಗೆ ಕಾರು, ಸಿಟಿ ಡ್ರೈವರ್, ಒಬ್ಬ ಸಹಾಯಕ ನಿರ್ದೇಶಕ, ಜೊತೆಗೆ ಟೀ ಕೊಡುವುದರಿಂದ ಹಿಡಿದು ಕೊಡೆ ಹಿಡಿಯುವವರೆಗೆ ಎಲ್ಲಕ್ಕೂ ಒಬ್ಬ ಪ್ರೊಡಕ್ಷನ್ ಹುಡುಗ. ಮೀಸೆ ಆಗಷ್ಟೇ ಚಿಗುರುತ್ತಿದ್ದ ವಯಸ್ಸು. ಕೊಟ್ಟಿಗೆಹಾರದಲ್ಲಿ ನೀರು ದೋಸೆ ಹೊಡೆದು, ಕಳಸದ ದಾರಿ ಹಿಡಿದೆವು. ಎರಡೂ ಕಡೆ ಕಾಫಿ ತೋಟ, ಮೇಲೆ ಮಂಜು, ಕೆಳಗೆ ಕೆಸರು. 2019ರ ಆಗಸ್ಟ್ ಮಳೆಗೆ ಗುಡ್ಡ ಜಾರಿ ಮನೆ, ತೋಟ ಕಳೆದುಕೊಂಡ ಸೀಮೆ ಇದು. ಮಳೆಗಾಲದಲ್ಲಿ ಇಲ್ಲಿನ ಮಣ್ಣನ್ನು ನಂಬುವಂತಿಲ್ಲ.

ಬಾಳೂರು ದಾಟುವ ಮೊದಲೇ ಇಳಿಜಾರಿನಲ್ಲಿ ಎಡಗಡೆಯ ಮುಂದಿನ ಟೈರು ಠುಸ್! ಡ್ರೈವರಿಗೆ ಅವಸರ. ಗಾಡಿಯನ್ನು ರಸ್ತೆ ಅಂಚಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದ. ಜಾಕಿಯನ್ನು ಒದ್ದೆ ಮಣ್ಣಿನ ಮೇಲಿಟ್ಟು, ಕೈಗೆ ಸಿಕ್ಕ ಕಡೆ ತಲೆ ಕೊಟ್ಟು ತಿರುಗಿಸಿದ. ಕರ್ರ್... ಅಂತ ತಗಡು ಮಡಚುವ ಸದ್ದು. ಆಸಾಮಿ ನಿಲ್ಲಿಸಲಿಲ್ಲ. ಗಾಡಿ ಎದ್ದಿತು, ಚಕ್ರ ಬಿಚ್ಚಿದ್ದೂ ಆಯಿತು. ಅಷ್ಟರಲ್ಲಿ ಒಂದು ನಟ್ಟು ಉರುಳಿ ಕಾರಿನ ಕೆಳಗೆ ಹೋಯಿತು. ಹುಡುಗ ಮಲಗಿ ತೋಳು ಪೂರ್ತಿ ಒಳಗೆ ಚಾಚಿದ.

ಆಗ ಹಿಂದಿನಿಂದ ಒಂದು ಎಸ್ಟೇಟ್ ಜೀಪು ಬಂತು. ಗಾಜಿನ ಮೇಲೆ ಶಂಕರ್‌ನಾಗ್ ಸ್ಟಿಕ್ಕರ್. 1980ರ ‘ಆಟೋ ರಾಜ’ನನ್ನು ನಮ್ಮ ಡ್ರೈವರುಗಳು ಇವತ್ತಿಗೂ ಬಿಟ್ಟುಕೊಟ್ಟಿಲ್ಲ ನೋಡಿ. ಜೀಪಿನಿಂದ ತಲೆ ನರೆತ ಡ್ರೈವರೊಬ್ಬರು ಇಳಿಯುತ್ತಲೇ ಕೂಗಿದರು, “ಏಯ್! ಕೈ ತೆಗಿ! ಮೊದ್ಲು ಕೈ ತೆಗಿಯಾ!”

ಹುಡುಗ ಬೆಚ್ಚಿ ಕೈ ಎಳೆದುಕೊಂಡ. ಹತ್ತು ಎಣಿಸುವಷ್ಟರಲ್ಲಿ ಜಾಕಿ ಮಣ್ಣಿನಲ್ಲಿ ವಾಲಿತು. ಕಾರು ಧಡ್ ಅಂತ ಕೂತಿತು!

ಯಾರಿಗೂ ಮಾತು ಹೊರಡಲಿಲ್ಲ. ಹುಡುಗ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಹಿರಿಯರು ನಮ್ಮ ಡ್ರೈವರಿಗೆ, “ಎಂತ ಮಾರಾಯಾ, ಗಾಡಿ ಎತ್ತೋದು ಗೊತ್ತಿಲ್ದೆ ಘಟ್ಟಕ್ಕೆ ಬಂದ್ಯಲ್ಲ!” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ನೀವ್ಯಾರು?” ಅಂದರು. “ರೈಟರ್” ಅಂದೆ. “ಯಾವ ತೋಟದ ರೈಟ್ರು?” ಅಂತ ಕೇಳಿದರು! ಕಾಫಿ ಸೀಮೆಯಲ್ಲಿ ರೈಟ್ರು ಅಂದರೆ ಆಳು-ಲೆಕ್ಕ ಬರೆಯುವವರು. ನಾನು ಬರೆಯೋದು ಸಿನಿಮಾ ಸುದ್ದಿ ಅಂದಾಗ, “ಹಂಗಾದ್ರೆ ಇದನ್ನೂ ಬರ್ಕಳಿ” ಅಂದರು. ಬರೆದುಕೊಂಡೆ. ಅದನ್ನೇ ನಿಮಗೆ ಒಪ್ಪಿಸುತ್ತಿದ್ದೇನೆ.

ಮೊದಲ ಮಾತು ತಳದ್ದು. ಅವರ ಜೀಪಿಗೆ ಉದ್ದಕ್ಕೂ ಎರಡು ದಪ್ಪ ಕಬ್ಬಿಣದ ಪಟ್ಟಿಯ ಚಾಸಿಸ್ ಇದೆ. ಪ್ಲೇಟಿನ ಹತ್ತಿರ ಆಕ್ಸಲ್ ಕೆಳಗೆ ಜಾಕಿ ಕೊಟ್ಟರೂ ತಡೆಯುತ್ತದೆ. ಮಾರುತಿ 800 ಕಾಲದಿಂದ ನಮ್ಮ ಸಣ್ಣ ಕಾರುಗಳಿಗೆ ಬೇರೆ ಚಾಸಿಸ್ಸೇ ಇಲ್ಲ, ಬಾಡಿಯೇ ಚಾಸಿಸ್. ನಾವು ಕಾಲಿಡುವ ನೆಲ ಒಂದು ಮಿಲಿಮೀಟರ್ ಆಸುಪಾಸಿನ ತಗಡು. ಅದರ ಪಕ್ಕದಲ್ಲೇ ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಸೈಲೆನ್ಸರು. ಮುಂದೆ ಎಂಜಿನ್ ಆಯಿಲ್ ತುಂಬಿದ ಸಂಪು. ಇವು ಯಾವುವೂ ಭಾರ ಹೊರಲು ಹುಟ್ಟಿದವಲ್ಲ. ಸಂಪು ಸೀಳಿದರೆ ಆಯಿಲ್ ಸೋರಿ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ತಗಡಿನ ಬಣ್ಣ ಎದ್ದರೆ ಮಲೆನಾಡಿನ ಮಳೆಗೆ ತುಕ್ಕು ಗ್ಯಾರಂಟಿ.

ಹಾಗಾದರೆ ಎಲ್ಲಿ ಕೊಡಬೇಕು? ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ತಗಡು ಸೇರಿಸಿ ಬೆಸೆದ ಒಂದು ಏಣು ಇರುತ್ತದೆ. ಮುಂದಿನ ಚಕ್ರದ ಸ್ವಲ್ಪ ಹಿಂದೆ, ಹಿಂದಿನ ಚಕ್ರದ ಸ್ವಲ್ಪ ಮುಂದೆ, ಆ ಏಣಿನಲ್ಲಿ ಸಾಮಾನ್ಯವಾಗಿ ಎರಡೆರಡು ಕಚ್ಚು ಕಾಣುತ್ತವೆ. ಆ ಕಚ್ಚುಗಳ ನಡುವೆ ಒಳಗೆ ಬಲ ಕೊಟ್ಟಿರುತ್ತಾರೆ. ಕಾರಿನ ಜೊತೆ ಬಂದ ಜಾಕಿಯ ತಲೆಯಲ್ಲಿ ಸೀಳಿದ್ದರೆ ಏಣು ಅದರೊಳಗೆ ಕೂರಬೇಕು. ಗ್ಯಾರೇಜಿನ ಚಪ್ಪಟೆ ತಲೆಯ ಟ್ರಾಲಿ ಜಾಕಿಯಾದರೆ ನಡುವೆ ಸೀಳಿರುವ ರಬ್ಬರ್ ದಿಮ್ಮಿ ಇಡಬೇಕು, ಇಲ್ಲದಿದ್ದರೆ ಏಣೇ ಮಡಚುತ್ತದೆ. ಅನುಮಾನ ಬಂದರೆ ಗಾಡಿಯ ಪುಸ್ತಕದಲ್ಲಿ ಚಿತ್ರ ಇದೆ.

ಎರಡನೆಯದು ಇಳಿಜಾರು. ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನು. ಹಿಂದಿನದೊಂದನ್ನು ಎತ್ತಿದರೆ ಹಿಡಿತ ಅರ್ಧ ಹೋಯಿತು. ಗೇರಿನಲ್ಲಿ ನಿಲ್ಲಿಸಿದ್ದೇನೆ ಅಂತೀರಾ? ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಎಳೆಯೋದು ಮುಂದಿನ ಚಕ್ರ. ಮುಂದಿನದೊಂದು ಗಾಳಿಯಲ್ಲಿದ್ದರೆ ಅದು ಸುಮ್ಮನೆ ತಿರುಗಿ ಗೇರಿನ ಹಿಡಿತವೂ ತಪ್ಪುತ್ತದೆ. ಆದ್ದರಿಂದ ಗೇರೂ ಇರಲಿ, ಬ್ರೇಕೂ ಇರಲಿ, ನೆಲದಲ್ಲಿರುವ ಚಕ್ರಗಳಿಗೆ ತಗ್ಗಿನ ಕಡೆಯಿಂದ ಗಟ್ಟಿ ಕಲ್ಲು ಕೊಡಲೇಬೇಕು. ಆದಷ್ಟೂ ಸಮತಟ್ಟು ಜಾಗಕ್ಕೆ ಹೋಗುವುದೇ ಮೇಲು. ಹತ್ತಿಪ್ಪತ್ತು ಮಾರು ಮೆಲ್ಲಗೆ ಉರುಳಿಸಿದರೆ ಟೈರು ಕೆಡಬಹುದು, ಪ್ರಾಣ ಉಳಿಯುತ್ತದೆ.

ಮೂರನೆಯದು ಕ್ರಮ. ಎಲ್ಲರೂ ಗಾಡಿಯಿಂದ ಇಳಿಯಬೇಕು. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಪಾನದ ಮೇಲೆ ಹತ್ತಿ ಕುಣಿದರೆ ಜಾಕಿ ಜಾರುತ್ತದೆ. ಒದ್ದೆ ಮಣ್ಣಾದರೆ ಜಾಕಿಯ ಕೆಳಗೆ ಅಗಲದ ದಪ್ಪ ಹಲಗೆ. ಸ್ಟೆಪ್ನಿಯನ್ನು ಜಾಕಿಯ ಪಕ್ಕ ಕಾರಿನ ಅಂಚಿನ ಕೆಳಗೆ ಮಲಗಿಸಬೇಕು. ಜಾಕಿ ಕೈಕೊಟ್ಟರೂ ಗಾಡಿ ಅದರ ಮೇಲೆ ಕೂರುತ್ತದೆ. ಸ್ಟೆಪ್ನಿ ತೆಗೆದಾಗ ಬಿಚ್ಚಿದ ಚಕ್ರವನ್ನು ಅಲ್ಲಿ ತಳ್ಳಬೇಕು. ಹೊಸ ಚಕ್ರ ಕೂರುವಷ್ಟು ಎತ್ತಿದರೆ ಸಾಕು. ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಗಾಡಿ ಇಳಿಸಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು.

ಹಿರಿಯರು ಜೀಪಿನಿಂದ ಹಲಗೆ ತಂದು, ಮಣ್ಣು ಕೆರೆದು, ಇದೇ ಕ್ರಮದಲ್ಲಿ ಎತ್ತಿಸಿದರು. ನಮ್ಮ ಅದೇ ಜಾಕಿ, ಅದೇ ಕಾರು. ಒಂದು ಸದ್ದಿಲ್ಲ! ಮರುದಿನ ಮೂಡಿಗೆರೆಯಲ್ಲಿ ಗಾಡಿ ಎತ್ತಿ ನೋಡಿದಾಗ ತಳದ ತಗಡು ಬಟ್ಟಲಿನಂತೆ ಒಳಗೆ ಹೋಗಿತ್ತು. ಬ್ರೇಕ್ ಪೈಪು ಒಂದು ಬೆರಳಿನ ಅಂತರದಲ್ಲಿ ಉಳಿದಿತ್ತು.

ತಗಡನ್ನು ಬಡಿದು ಸರಿ ಮಾಡಬಹುದು. ನನ್ನನ್ನು ಕಾಡುವುದು ಆ ತೋಳು. ಜಾಕಿ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಸ್ಟ್ಯಾಂಡ್ ಕೊಡದೆ ಯಾರೂ ಕಾರಿನ ಕೆಳಗೆ ಹೋಗಬಾರದು, ಒಂದು ನಟ್ಟಿಗಾಗಿಯೂ ಅಲ್ಲ. ಆದರೆ ಕೆಳಗೆ ಹೋಗು ಅಂತ ನಾವು ಹೇಳೋದು ಯಾರಿಗೆ? ಕ್ಲೀನರ್ ಹುಡುಗನಿಗೆ, ಗ್ಯಾರೇಜಿನ ಚೋಟುವಿಗೆ, ಪ್ರೊಡಕ್ಷನ್ ಹುಡುಗನಿಗೆ. ಇಲ್ಲ ಅನ್ನೋ ಧೈರ್ಯ ಅವರಿಗಿರುವುದಿಲ್ಲ. ಇಲ್ಲ ಅನ್ನಬೇಕಾದವರು ನಾವು.

ಈ ಪತ್ರಿಕೆ ಓದುವವರಲ್ಲಿ ಟ್ಯಾಕ್ಸಿ ಓಡಿಸುವವರಿದ್ದೀರಿ, ಪಿಕಪ್ ಕಲಿಯುತ್ತಿರುವವರಿದ್ದೀರಿ. ನಿಮ್ಮ ಬಸ್ಸಿಗೆ ಇನ್ನೂ ಹೊತ್ತಿದ್ದರೆ, ಸ್ಟ್ಯಾಂಡಿನ ಹೊರಗೆ ನಿಂತ ಟ್ಯಾಕ್ಸಿಯವರನ್ನು “ಅಣ್ಣಾ, ಇದಕ್ಕೆ ಜಾಕಿ ಎಲ್ಲಿ ಕೊಡ್ತೀರಿ?” ಅಂತ ಕೇಳಿ ನೋಡಿ. ಬಗ್ಗಿ ಆ ಎರಡು ಕಚ್ಚು ತೋರಿಸಿದರೆ ಧೈರ್ಯವಾಗಿ ಅವರ ಗಾಡಿ ಹತ್ತಿ!