ಮಳೆಗೆ ಕರಗಿದ ಮೂಳೆ

ಕೀಲ್ಪಾಕಿನಲ್ಲಿ ನಮ್ಮದು ನೆಲಮಹಡಿಯ ಮನೆ. ಈ ವಿವರ ಯಾಕೆಂದರೆ, 2015ರ ಡಿಸೆಂಬರ್ ಮಳೆಯಲ್ಲಿ ಮಂಚದ ಕೆಳಗಿದ್ದ ಅಜ್ಜಿಯ ಟ್ರಂಕಿಗೆ ನೀರು ನುಗ್ಗಿತು. ಮದುವೆಯಾಗಿ ಹಾಸನದ ಕಡೆಯಿಂದ ಬರುವಾಗ ತಂದಿದ್ದ ಹಾಡಿನ ಪುಸ್ತಕಗಳು ಅದರಲ್ಲಿದ್ದವು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು. ಹಾಳೆ ಬಿಡಿಸಹೋದರೆ ಕೈಗೆ ಬಂದದ್ದು ಅಂಬಲಿ. "ಹೋಗ್ಲಿ ಬಿಡೋ, ಹೇಗೂ ನಂಗೆ ಕಣ್ಣು ಕಾಣ್ಸಲ್ಲ" ಅಂದರು ಅಜ್ಜಿ. ಆಮೇಲೆ ಆ ಮಾತೇ ಎತ್ತಲಿಲ್ಲ.

ಮೊನ್ನೆ ಅರಿಯಲೂರಿನ ಗೆಳೆಯನೊಬ್ಬ ಊರಿಂದ ಒಂದು ಕಲ್ಲು ತಂದುಕೊಟ್ಟ. ಸುರುಳಿ ಸುತ್ತಿದ, ಗೀರುಗೀರಾದ ಕಲ್ಲು. ಅಜ್ಜಿ ಬೆರಳಾಡಿಸಿ ನೋಡಿ, "ಸಾಲಿಗ್ರಾಮ ಕಣೋ!" ಎಂದು ದೇವರ ಮುಂದೆ ಇಟ್ಟೇಬಿಟ್ಟರು. ಅವರು ಹೇಳಿದ್ದು ತಪ್ಪೇನಲ್ಲ. ಗಂಡಕಿ ನದಿಯ ಸಾಲಿಗ್ರಾಮವೂ ಅರಿಯಲೂರಿನ ಈ ಕಲ್ಲೂ ಅಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಗಳೇ. ಇಂದು ಸಿಮೆಂಟಿಗೆ ಸುಣ್ಣಕಲ್ಲು ಅಗೆಯುವ ಅರಿಯಲೂರು ಒಂದು ಕಾಲಕ್ಕೆ ಸಮುದ್ರದ ತಳ.

ಗೆಳೆಯ ಇನ್ನೊಂದು ಕಥೆ ಹೇಳಿದ. ಅವನ ಜಿಲ್ಲೆಯ ಕಲ್ಲಮೇಡು ಎಂಬಲ್ಲಿ ಸಿಕ್ಕ ಮೂಳೆಗಳನ್ನು ಯಾದಗಿರಿ ಮತ್ತು ಅಯ್ಯಸಾಮಿ ಎಂಬ ಭೂವಿಜ್ಞಾನಿಗಳು 1987ರಲ್ಲಿ ವರ್ಣಿಸಿ 'ಬೃಹತ್ಕಾಯೋಸಾರಸ್' ಎಂದು ಹೆಸರಿಟ್ಟರು. ಹೆಸರಿನ ಅರ್ಧ ನಮಗೆ ನಿಘಂಟಿಲ್ಲದೆ ತಿಳಿಯುತ್ತದೆ! ಮೊಣಕಾಲಿನ ಕೆಳಗಿನ ಮೂಳೆಯೊಂದೇ ಸುಮಾರು 2 ಮೀಟರ್. ಮೊದಲು ಮಾಂಸಾಹಾರಿ ಎಂದುಕೊಂಡರು. ಆಮೇಲೆ ನೀಳಕತ್ತಿನ ಸಸ್ಯಾಹಾರಿ ಎಂದರು. ಮೂಳೆಯೇ ಅಲ್ಲ, ಕಲ್ಲಾದ ಮರವಿರಬೇಕು ಎಂದವರೂ ಇದ್ದರು. ತೋರಿಸೋಣವೆಂದರೆ ಮೂಳೆಯೇ ಇಲ್ಲ! ಜೇಡಿಮಣ್ಣು ಬೆರೆತ ಆ ಮೂಳೆಗಳು ಮಳೆಯ ತೇವಕ್ಕೆ ಪುಡಿಯಾಗಿ ಹೋಗಿದ್ದವು. ಕೊನೆಗೆ 2022ರಲ್ಲಿ, ಅಂದು ತೆಗೆದಿದ್ದ ಹಳೆಯ ಫೋಟೋಗಳು ಹೊರಬಂದ ಮೇಲೆ, ಮರವಲ್ಲ, ಮೂಳೆಯೇ ಎಂಬ ವಾದಕ್ಕೆ ಬಲ ಬಂತು.

ಉಳಿದದ್ದು ಎಷ್ಟೆಲ್ಲ ಹೇಳುತ್ತದೆ ನೋಡಿ. ಮಧ್ಯಪ್ರದೇಶದ ನರ್ಮದಾ ಕಣಿವೆಯಲ್ಲಿ ಡೈನೋಸಾರ್‌ಗಳ 92 ಗೂಡು, 256 ಮೊಟ್ಟೆ ಸಿಕ್ಕ ವಿಷಯ 2023ರಲ್ಲಿ ಪ್ರಕಟವಾಯಿತು. ಗೂಡುಗಳು ಒತ್ತೊತ್ತಾಗಿದ್ದವು. ಅಂದರೆ ತಾಯಂದಿರು ಒಂದೇ ಕಡೆ ಸೇರಿ ಮೊಸಳೆಯಂತೆ ಕುಳಿ ತೋಡಿ ಮೊಟ್ಟೆಯಿಟ್ಟಿರಬೇಕು. ಆ ದೇಹಗಳು ಗೂಡುಗಳ ನಡುವೆ ಓಡಾಡಿದ್ದರೆ ತಮ್ಮ ಮೊಟ್ಟೆಯನ್ನೇ ತುಳಿಯುತ್ತಿದ್ದವು. ಆದ್ದರಿಂದ ಇಟ್ಟು ಹೊರಟುಹೋಗಿರಬೇಕು ಎನ್ನುತ್ತಾರೆ ಸಂಶೋಧಕರು. ಒಂದು ಮೊಟ್ಟೆಯೊಳಗೆ ಇನ್ನೊಂದು ಮೊಟ್ಟೆಯೂ ಇತ್ತಂತೆ. ಅಂಥದ್ದು ಅದುವರೆಗೆ ಹಕ್ಕಿಗಳಲ್ಲಿ ಮಾತ್ರ ಕಂಡದ್ದು. ಕಲ್ಲಾದ ಚಿಪ್ಪಿನಿಂದ ಒಬ್ಬ ತಾಯಿಯ ಕಷ್ಟ ತಿಳಿಯಿತು.

ಅಜ್ಜಿಗೆ ಇದನ್ನೆಲ್ಲ ಹೇಳಿದೆ. "ಬಿಟ್ಟು ಹೋದ್ವೇ? ಪಾಪ, ಅವಕ್ಕೇನು ಅನಿವಾರ್ಯವೋ" ಅಂದು ಸುಮ್ಮನಾದರು. ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಆ ಪುಸ್ತಕಗಳು ಮಂಚದ ಕೆಳಗೇ ಇದ್ದಷ್ಟು ವರ್ಷ ಮನೆಯಲ್ಲಿ ಒಬ್ಬರೂ ಒಂದು ಪುಟದ ಫೋಟೋ ತೆಗೆಯಲಿಲ್ಲ. ಕಲ್ಲಮೇಡಿನವರಾದರೂ ತೆಗೆದಿದ್ದರು.

ಈಗ ಭಾನುವಾರ ಮಧ್ಯಾಹ್ನ ನೋಟ್‌ಬುಕ್ ಹಿಡಿದು ಅಜ್ಜಿಯ ಪಕ್ಕ ಕೂರುತ್ತೇನೆ. ನಡುವೆ ಎಲ್ಲೋ ಮರೆತು ನಿಲ್ಲುತ್ತಾರೆ. ಪಾತ್ರೆ ತೊಳೆಯುವಾಗ ಥಟ್ಟನೆ ನೆನಪಾಗಿ ಒಳಗಿಂದಲೇ ಕೂಗುತ್ತಾರೆ. ಇಲ್ಲಿಯವರೆಗೆ ಹನ್ನೊಂದು ಹಾಡು ಬರೆದಾಗಿದೆ. ಮೂರಕ್ಕೆ ಕೊನೆಯ ನುಡಿ ಇನ್ನೂ ಸಿಕ್ಕಿಲ್ಲ.