ಮನೆಯಂಗಳದ ಫಿಯೆಟ್: ಹಳೆಯ ಕಾರಿನ ದುರಸ್ತಿ ಬದಲಾದ ಬಗೆ

ಹಳೆಯ ಕಾರನ್ನು ಮನೆಯಂಗಳದಲ್ಲೇ ಬಿಚ್ಚಿ ಜೋಡಿಸುವುದು ಇಂದು ಹವ್ಯಾಸವೆನಿಸಿಕೊಂಡಿದ್ದರೂ, ಬೆಂಗಳೂರು, ಮೈಸೂರುಗಳಂಥ ಊರುಗಳಲ್ಲಿ ಅದು ಮೊದಲಿಗೆ ಬೇರೆ ದಾರಿಯಿಲ್ಲದೆ ಮಾಡುತ್ತಿದ್ದ ಕೆಲಸವಾಗಿತ್ತು. 1970ರ ದಶಕದಲ್ಲಿ ದೇಶದ ರಸ್ತೆಗಳ ಮೇಲೆ ಸಾಮಾನ್ಯವಾಗಿ ಕಾಣುತ್ತಿದ್ದ ಕಾರುಗಳು ಮೂರೇ: ಬಂಗಾಳದ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಮತ್ತು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ, ಮುಂದೆ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡ ಫಿಯೆಟ್ 1100. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದುದರಿಂದ, ಇಪ್ಪತ್ತು ವರ್ಷ ಓಡಿದ ಗಾಡಿಯನ್ನೂ ಗುಜರಿಗೆ ಹಾಕುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಅದನ್ನು ಬಿಚ್ಚಿ, ಸವೆದದ್ದನ್ನು ತುಂಬಿ, ಮತ್ತೆ ರಸ್ತೆಗಿಳಿಸುವುದೇ ರೂಢಿಯಾಗಿತ್ತು.

ಕೆಲಸ ಮನೆಯಲ್ಲಿ ನಡೆಯುತ್ತಿತ್ತೆಂದರೆ ಎಲ್ಲವೂ ಮನೆಯಲ್ಲೇ ಮುಗಿಯುತ್ತಿತ್ತೆಂದಲ್ಲ. ಎಂಜಿನ್ನನ್ನು ಇಳಿಸುವುದು, ತೊಳೆಯುವುದು, ತಂತಿಗಳನ್ನು ಬದಲಿಸುವುದು ಮಾಲೀಕನ ಪಾಲಿಗೆ ಬರುತ್ತಿತ್ತು. ಸಿಲಿಂಡರಿನ ಸವೆದ ಗೋಡೆಯನ್ನು ಕೊರೆದು ಅಗಲ ಮಾಡಿ ದೊಡ್ಡ ಅಳತೆಯ ಪಿಸ್ಟನ್ ಕೂರಿಸುವ ರೀಬೋರ್ ಕೆಲಸ ಲೇತ್ ಅಂಗಡಿಗೆ ಹೋಗುತ್ತಿತ್ತು. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ, ಅಲ್ಲಿಯೂ ಇಲ್ಲವೆಂದಾದರೆ ಮದರಾಸಿನ ಪುದುಪೇಟೆ ಇದ್ದವು.

ಮನೆಯಲ್ಲೇ ಮಾಡುತ್ತಿದ್ದ ಕೆಲಸಗಳಲ್ಲಿ ತಾಳ್ಮೆಯನ್ನು ಹೆಚ್ಚು ಬೇಡುತ್ತಿದ್ದುದು ವಾಲ್ವ್ ಗ್ರೈಂಡಿಂಗ್. ಎಂಜಿನ್ನಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಬಿಡುವ, ಉರಿದ ಹೊಗೆಯನ್ನು ಹೊರಹಾಕುವ ಬಿರಟೆಗಳೇ ವಾಲ್ವುಗಳು; ಅವು ತಮ್ಮ ಪೀಠದ ಮೇಲೆ ಸಂದಿಲ್ಲದೆ ಕೂರದಿದ್ದರೆ ಒಳಗಿನ ಒತ್ತಡ ಸೋರಿ, ಗಾಡಿ ದಿಬ್ಬ ಹತ್ತುವಾಗ ಸೋಲುತ್ತದೆ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿ ಕಾರ್ಬನ್ ಕೆರೆದ ಮೇಲೆ, ವಾಲ್ವಿನ ಅಂಚಿಗೆ ಮರಳಿನಂತೆ ಒರಟಾದ ಪೇಸ್ಟ್ ಸವರಿ, ತುದಿಯಲ್ಲಿ ರಬ್ಬರ್ ಬಟ್ಟಲಿರುವ ಕೋಲನ್ನು ಅದಕ್ಕೆ ಅಂಟಿಸಿ, ಎರಡು ಅಂಗೈಗಳ ನಡುವೆ ಹಿಂದಕ್ಕೂ ಮುಂದಕ್ಕೂ ಉಜ್ಜಿ ತಿರುಗಿಸಬೇಕಿತ್ತು. ನಡುನಡುವೆ ವಾಲ್ವನ್ನು ಎತ್ತಿ ಒರೆಸಿ ನೋಡಿದಾಗ ಅಂಚಿನ ಸುತ್ತಲೂ ಎಲ್ಲಿಯೂ ಕಡಿಯದ, ಹೊಳಪಿಲ್ಲದ ಬೂದುಬಣ್ಣದ ಉಂಗುರ ಮೂಡಿದ್ದರೆ ಕೆಲಸ ಸರಿಹೋಯಿತೆಂದು ಅರ್ಥ. ಆದರೂ ಅನುಭವಿಗಳು ಅಷ್ಟಕ್ಕೇ ನಂಬದೆ, ವಾಲ್ವುಗಳನ್ನು ಕೂರಿಸಿದ ಹೆಡ್ಡನ್ನು ಮಗುಚಿಟ್ಟು ಸೀಮೆಎಣ್ಣೆ ಸುರಿದು, ಒಂದು ಹನಿಯೂ ಜಿನುಗದೆಂದು ಖಾತ್ರಿಯಾದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕುತ್ತಿದ್ದರು.

ಅಂದಿನ ಕಸುಬುದಾರರಲ್ಲಿ ಹೆಚ್ಚಿನ ಮರ್ಯಾದೆ ಸಲ್ಲಬೇಕಾದದ್ದು, ಆದರೆ ಸಲ್ಲದೇ ಹೋದದ್ದು, ಟಿಂಕರಿಂಗ್ ಮೇಸ್ತ್ರಿಗಳಿಗೆ. ನೆಗ್ಗಿದ, ತುಕ್ಕು ತಿಂದ ತಗಡನ್ನು ಬಡಿದು, ಬೆಸೆದು ಮೊದಲಿನ ಆಕಾರಕ್ಕೆ ತರುವ ಕೆಲಸಕ್ಕೆ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎನ್ನುತ್ತಾರೆ. ಫಿಯೆಟ್ಟಿನಂಥ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಮೈತಗಡೇ ಇಡೀ ಭಾರವನ್ನು ಹೊರುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿಯೂ ನೆಲದ ತಗಡೂ ಕೊಳೆತರೆ ಕಾರೇ ನಡು ಬಾಗುತ್ತದೆ. ಉಪ್ಪುಗಾಳಿಯ ಕರಾವಳಿಯಿಂದ ಬಂದ ಗಾಡಿಗಳಲ್ಲಿ ಈ ರೋಗ ಸಾಮಾನ್ಯವಾಗಿದ್ದು, ಬಯಲುಸೀಮೆಯ ಗಾಡಿಗಳಲ್ಲಿ ಕಡಿಮೆಯಿತ್ತು. ಮೇಸ್ತ್ರಿಯು ಹೊಸ ತಗಡನ್ನು ಕತ್ತರಿಸಿ, ಹಿಂದಿನಿಂದ ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ಒತ್ತಿಹಿಡಿದು, ಮುಂದಿನಿಂದ ಹಗುರವಾದ ಸುತ್ತಿಗೆಯಿಂದ ಬಡಿಯುತ್ತಾ ಮಡ್‌ಗಾರ್ಡಿನ ತಿರುವನ್ನು ಕೈಯಲ್ಲೇ ಮೂಡಿಸುತ್ತಿದ್ದ. ಬಡಿತಕ್ಕೆ ಹಿಗ್ಗಿ ಉಬ್ಬಿದ ಜಾಗವನ್ನು ಗ್ಯಾಸಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿ, ತಕ್ಷಣ ಒದ್ದೆ ಬಟ್ಟೆ ಒತ್ತಿ ಕುಗ್ಗಿಸುತ್ತಿದ್ದ. ಅಳತೆಪಟ್ಟಿ ಇರುತ್ತಿರಲಿಲ್ಲ, ಕಣ್ಣು ಮುಚ್ಚಿ ಅಂಗೈ ಸವರಿದರೆ ಅವನಿಗೆ ಏರುತಗ್ಗು ತಿಳಿಯುತ್ತಿತ್ತು. ಆ ಮೇಲೆ ನೆಲಕ್ಕೆ ನೀರು ಚಿಮುಕಿಸಿ ಧೂಳಡಗಿಸಿ, ಬೇಗ ಒಣಗುವ ಡ್ಯೂಕೋ ಬಣ್ಣವನ್ನು ಪದರದ ಮೇಲೆ ಪದರವಾಗಿ ಹೊಡೆದು, ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ ಹೊಳಪು ತರಲಾಗುತ್ತಿತ್ತು.

ಮಾರ್ಪಾಡು ಎಂಬುದೂ ಆಗ ಶೋಕಿಯಾಗಿರಲಿಲ್ಲ. ನಿಧಾನವಾಗಿ ಓಡುವಾಗ ದೀಪ ಮಂಕಾಗಿಸುತ್ತಿದ್ದ ಡೈನಮೋವನ್ನು ತೆಗೆದು ಆಲ್ಟರ್ನೇಟರ್ ಕೂರಿಸಿದವರು, ಸ್ಟಿಯರಿಂಗ್ ಕಂಬದ ಮೇಲಿದ್ದ ಗೇರಿನ ಕೋಲನ್ನು ನೆಲಕ್ಕೆ ತಂದವರು, ಪೆಟ್ರೋಲಿನ ಬೆಲೆ ತಾಳಲಾರದೆ ಅಂಬಾಸಿಡರಿಗೆ ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಹಾಕಿಸಿದವರು, ಎಲ್ಲರೂ ಕಾರನ್ನು ದಿನವೂ ಬಳಸಬೇಕಾದ ಸಾಧನವಾಗಿಯೇ ಕಂಡವರು. ಇವುಗಳಲ್ಲಿ ಆಲ್ಟರ್ನೇಟರಿನಂಥವು ಒಳ್ಳೆಯ ಬದಲಾವಣೆಗಳು. ಡೀಸೆಲ್ ಎಂಜಿನ್ನಿನ ಭಾರ ಮತ್ತು ನಡುಕ ಹಳೆಯ ಮೈಯನ್ನು ಸಡಿಲಿಸಿದ್ದೂ ಉಂಟು. ಮಡ್‌ಗಾರ್ಡ್ ಕತ್ತರಿಸಿ ಅಗಲ ಟೈರು ತುರುಕಿದವರ ಅಭಿರುಚಿಯ ಬಗ್ಗೆ ಏನೂ ಹೇಳದಿರುವುದೇ ವಾಸಿ.

1983ರ ಕೊನೆಯಲ್ಲಿ ಮಾರುತಿ 800 ಬಂದು, ಮುಂದಿನ ದಶಕದಲ್ಲಿ ಸಾಲದ ಮೇಲೆ ಹೊಸ ಕಾರು ಸುಲಭವಾಗಿ ಸಿಗುವಂತಾದಾಗ ಈ ವ್ಯವಸ್ಥೆ ಸಡಿಲವಾಯಿತು. 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ದೇಶದಾದ್ಯಂತ ನಿಂತಾಗ, ಎರಕದ ಕಬ್ಬಿಣದ ಹೆಡ್ಡಿರುವ ಅಂಬಾಸಿಡರಿನಂಥ ಎಂಜಿನ್ನುಗಳಲ್ಲಿ ವಾಲ್ವಿನ ಪೀಠಕ್ಕೆ ಸೀಸದಿಂದ ಸಿಗುತ್ತಿದ್ದ ರಕ್ಷಣೆ ತಪ್ಪಿ, ಗಟ್ಟಿ ಉಕ್ಕಿನ ಪೀಠ ಕೂರಿಸಬೇಕಾಯಿತು, ಈಗ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಕೊಳವೆಗಳನ್ನು ಉಬ್ಬಿಸುತ್ತದೆ, ತೇವವನ್ನು ಹೀರಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಟಿಂಕರಿಂಗ್ ಮೇಸ್ತ್ರಿಗಳ ಮಕ್ಕಳು ಆ ಕಸುಬಿಗೆ ಬರಲಿಲ್ಲ, ಬಂದವರೂ ಪ್ಯಾನೆಲ್ ಬದಲಿಸುವುದನ್ನಷ್ಟೇ ಕಲಿತರು. ಬೀಡಿಂಗ್, ದೀಪದ ಗಾಜು, ಬ್ರೇಕಿನ ರಬ್ಬರುಗಳು ಈಗ ಫೋನಿನಲ್ಲಿ ಹೇಳಿದರೆ ಪಾರ್ಸೆಲ್ಲಿನಲ್ಲಿ ಬರುತ್ತವೆ, ಆದರೆ ಮಡ್‌ಗಾರ್ಡಿನ ತಿರುವನ್ನು ಕೈಯಲ್ಲಿ ಮೂಡಿಸಬಲ್ಲವನನ್ನು ಊರೂರು ಹುಡುಕಬೇಕು. 2014ರಲ್ಲಿ ಅಂಬಾಸಿಡರಿನ ತಯಾರಿಕೆಯೂ ನಿಂತ ಮೇಲೆ ಈ ಕಾರುಗಳು ಸಂಗ್ರಹಯೋಗ್ಯ ವಸ್ತುಗಳಾಗಿ ಬೆಲೆ ಏರಿಸಿಕೊಂಡವು.

ಕಾನೂನು ಬಂದದ್ದು ಇಷ್ಟೆಲ್ಲ ಆದ ಮೇಲೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ವ್ಯಾಖ್ಯಾನಿಸುತ್ತಾ ಹೇಳಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಮೈ ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆಯಾಗದ, ವಾಣಿಜ್ಯಕ್ಕೆ ಬಳಸದ ವಾಹನವನ್ನು ವಿಂಟೇಜ್ ಎಂದು ಗುರುತಿಸಿ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವನ್ನೂ 'ವಿಎ' ಅಕ್ಷರಗಳ ಪ್ರತ್ಯೇಕ ಸಂಖ್ಯೆಯನ್ನೂ ಗೊತ್ತುಪಡಿಸಿದವು. ಇಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ನಿಗದಿತ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ಉದ್ದೇಶ ಒಳ್ಳೆಯದೇ. ಆದರೆ ಮೂಲರೂಪವನ್ನೇ ಅಳತೆಗೋಲಾಗಿಸಿದಾಗ, ಅಗತ್ಯಕ್ಕೆ ತಕ್ಕಂತೆ ಎಂಜಿನ್ ಬದಲಿಸಿಕೊಂಡು ಐದಾರು ದಶಕ ದುಡಿದ ಗಾಡಿಗಳು ಈ ಲೆಕ್ಕದಿಂದ ಹೊರಗುಳಿಯುತ್ತವೆ; ಗಾಜಿನ ಹಿಂದೆ ಕೂತಿದ್ದವು ಒಳಗೆ ಬರುತ್ತವೆ. ಕನ್ನಡನಾಡಿನ ಮೋಟಾರು ಚರಿತ್ರೆಯನ್ನು ಬರೆಯುವವರಿಗೆ ಮೊದಲ ಬಗೆಯ ಗಾಡಿಗಳೇ ಹೆಚ್ಚು ಸಾಕ್ಷ್ಯ ಒದಗಿಸಬಲ್ಲವು.

ಆದ್ದರಿಂದ ಇಂದು ಮನೆಯಲ್ಲಿ ಹಳೆಯ ಕಾರು ಬಿಚ್ಚುವವರು ಬಿಚ್ಚುವ ಮುನ್ನ ಪ್ರತಿ ಭಾಗದ ಚಿತ್ರ ತೆಗೆದಿಟ್ಟುಕೊಳ್ಳಬೇಕು, ಚಾಸಿ ಮತ್ತು ಎಂಜಿನ್ ಸಂಖ್ಯೆಯ ಫಲಕಗಳನ್ನು ಉಜ್ಜಿ ಅಳಿಸದೆ ಕಾಪಾಡಬೇಕು, ತೆಗೆದ ಡೈನಮೋ, ಕಾರ್ಬ್ಯುರೇಟರುಗಳಿಗೆ ಚೀಟಿ ಕಟ್ಟಿ ಅಟ್ಟದ ಮೇಲಿಡಬೇಕು, ತಗಡು ಬಡಿದ ಮೇಸ್ತ್ರಿಯ ಹೆಸರನ್ನು ಕಾರಿನ ಕಾಗದಪತ್ರಗಳ ಜೊತೆಗೆ ಬರೆದಿಡಬೇಕು.